ಬೇಕೆಂದೇ ಅಲ್ಲಾಡಿಸಿದ ಮರಗಳು

ಕೈ ನಡುಗುವವರೆಲ್ಲ ಕುಡುಕರಲ್ಲ. ಈ ಮಾತನ್ನು ಒಂದು ಬೋರ್ಡಿನಲ್ಲಿ ಬರೆಸಿ ನಮ್ಮ ಸ್ಟುಡಿಯೋ ಮುಂದೆ ತೂಗುಹಾಕಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೆ. ಹಾಕಲಿಲ್ಲ. ಅಂಥ ಬೋರ್ಡು ಹಾಕಿಕೊಂಡವನು ಕುಡುಕನೇ ಸೈ ಎನ್ನುವುದರಲ್ಲಿ ರಾಮನಗರದಲ್ಲಿ ಒಬ್ಬರಿಗೂ ಅನುಮಾನ ಉಳಿಯುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಕಾಫಿ ಕುಡಿಯುವಾಗ ಕಪ್ಪಿನ ಕೆಳಗಿನ ಸಾಸರು ಟಿಣಿಟಿಣಿ ಅನ್ನುತ್ತಿದ್ದರೆ, ಅದು ಮನೆಯವರಿಗೆ ಕೇಳಿಸದಿರಲಿ ಅಂತ ನೀವು ಸಾಸರೇ ಬೇಡ ಅನ್ನುತ್ತಿದ್ದರೆ, ನಾನೂ ಅದನ್ನೇ ಮಾಡಿದವನು ಎಂದು ತಿಳಿದು ನಿಮಗೆ ಸ್ವಲ್ಪ ಸಮಾಧಾನವಾಗಲಿ.

ನನ್ನ ಹೆಸರು ಕೆಂಪರಾಜು. ಪಾಸ್‌ಪೋರ್ಟ್ ಸೈಜಿನಿಂದ ಹಿಡಿದು ಮದುವೆಯವರೆಗೆ ಎಲ್ಲ ಫೋಟೋಗಳನ್ನೂ ತೆಗೆದು ಬದುಕಿದವನು. ಚನ್ನಪಟ್ಟಣ, ಕನಕಪುರ, ಮಾಗಡಿ, ಈ ಸೀಮೆಯಲ್ಲಿ ನಾನು ಊಟ ಮಾಡದ ಛತ್ರವಿಲ್ಲ. ನನಗೆ ಹೆಸರು ಬಂದದ್ದು ಧಾರೆಯ ಫೋಟೋದಿಂದ. ಹುಡುಗಿಯ ಅಪ್ಪ ಅಮ್ಮ ಗಿಂಡಿ ಹಿಡಿದು, ಗಂಡು ಹೆಣ್ಣಿನ ಕೈಯಲ್ಲಿರುವ ತೆಂಗಿನಕಾಯಿಯ ಮೇಲೆ ಹಾಲು ಎರೆಯುವ ಗಳಿಗೆ ಇದೆಯಲ್ಲ, ಆಗ ಎಲ್ಲರೂ ಫ್ಲ್ಯಾಶ್ ಹೊಡೆಯುತ್ತಾರೆ. ಫ್ಲ್ಯಾಶ್ ಹೊಡೆದರೆ ಹಾಲು ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ನಾನು ಫ್ಲ್ಯಾಶ್ ಆರಿಸಿ, ಉಸಿರು ಬಿಗಿಹಿಡಿದು, ಶಟರನ್ನು ಒಂದಿಷ್ಟು ಹೊತ್ತು ತೆರೆದಿಟ್ಟು ತೆಗೆಯುತ್ತಿದ್ದೆ. ಆಗ ಹಾಲು ರೇಷ್ಮೆ ಎಳೆಯ ಹಾಗೆ ಒಂದೇ ಗೀಟಾಗಿ ಇಳಿಯುತ್ತಿತ್ತು. ಅದಕ್ಕೆ ಅಲ್ಲಾಡದ ಕೈ ಬೇಕು, ನನ್ನ ಕೈ ಅಂಥದ್ದೇ ಆಗಿತ್ತು. ಮಾಗಡಿಯ ಮಂಜುನಾಥ ಎಂಬ ನನ್ನ ಪ್ರತಿಸ್ಪರ್ಧಿ ಈ ಗುಟ್ಟು ತಿಳಿಯಲೆಂದೇ ನನ್ನ ಬೆನ್ನ ಹಿಂದೆ ಬಂದು ನಿಂತು ನೋಡುತ್ತಿದ್ದ. ನಾನು ನೋಡದವನ ಹಾಗೆ ಇದ್ದು, ಒಳಗೊಳಗೇ ಬೀಗುತ್ತಿದ್ದೆ.

ಆ ಕೈ ಮೊದಲು ಮೋಸ ಮಾಡಿದ್ದು ಚನ್ನಪಟ್ಟಣದ ಕಡೆಯ ಒಂದು ಬೀಗರ ಊಟದಲ್ಲಿ. ಮದುವೆ ಮುಗಿದ ಮೇಲೆ ಗಂಡಿನ ಕಡೆಯವರನ್ನು ಸಾಲಾಗಿ ಕೂರಿಸಿ ಬಾಡೂಟ ಬಡಿಸುತ್ತಾರೆ, ಎಲೆ ಮುಂದೆ ಕುಳಿತ ಬೀಗರ ಫೋಟೋ ಇಲ್ಲದ ಆಲ್ಬಮ್ಮನ್ನು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಹುಡುಗಿಯ ಅಪ್ಪ ಫೋಟೋ ನೋಡಿ ನೇರ ಸ್ಟುಡಿಯೋಗೆ ಬಂದರು.

"ಏನ್ಲಾ ಕೆಂಪ್ರಾಜ, ನಮ್ ಬೀಗ್ರಿಗೆ ನಾಕ್ ಕಣ್ ಮಾಡ್ಬುಟ್ಟಿದ್ದೀಯ?"

"ಲೆನ್ಸ್ ಒಸಿ ತೊಂದ್ರೆ ಅಣ್ಣ," ಅಂದೆ.

"ಎಲ್ಡ್ ಕಣ್ಣಿದ್ದಾಗ್ಲೇ ಪೀಸ್ ಕಮ್ಮಿ ಬಿತ್ತು ಅಂತ ನೋಡ್ಕಂಡ್ ಮುನಿಸ್ಕೊಂಡವ್ರೆ. ಇನ್ ನಾಕಾದ್ರೆ ನನ್ ಮಗ್ಳ ಗತಿ ಏನ್ಲಾ?"

ಲೆನ್ಸ್ ಬದಲಾಯಿಸಿದೆ. ನಡುಕ ಬದಲಾಗಲಿಲ್ಲ. ಕಾಫಿ ಬಿಟ್ಟೆ, ಬರೀ ತಲೆನೋವು ಬಂತು. ಟ್ರೈಪಾಡ್ ತಂದು ಮಂಟಪದ ಮುಂದೆ ನಿಲ್ಲಿಸಿದರೆ ಅಕ್ಷತೆ ಹಾಕಲು ನುಗ್ಗಿದ ಅತ್ತೆಯಂದಿರು ಅದನ್ನು ಎಡವಿ ನನಗೇ ಬೈದರು.

ಈಗ ಹಿಂತಿರುಗಿ ನೋಡಿದರೆ ಕಾಯಿಲೆ ಬಹಳ ಮುಂಚೆಯೇ ಮನೆಗೆ ಬಂದು ಕುಳಿತಿತ್ತು. ನಾವೇ ಅದನ್ನು ನೆಂಟ ಅಂದುಕೊಂಡಿದ್ದೆವು. ಫೋಟೋ ಕವರಿನ ಮೇಲೆ ಗಿರಾಕಿಯ ಹೆಸರು ಬರೆಯುವಾಗ ನನ್ನ ಅಕ್ಷರ ಸಾಸಿವೆಯಷ್ಟು ಚಿಕ್ಕದಾಗಿತ್ತು. ವಯಸ್ಸಾದಂತೆ ಶಿಸ್ತು ಬಂದಿದೆ ಅಂದುಕೊಂಡೆ. ಇನ್ನೊಂದು ವಿಷಯ ಕೇಳಿದರೆ ನಗುತ್ತೀರಿ. ನಮ್ಮ ಬೀದಿಯ ಹಿಂದೆ ರೇಷ್ಮೆ ನೂಲು ತೆಗೆಯುವ ಘಟಕಗಳಿವೆ. ಗೂಡು ಬೇಯಿಸಿ, ಹುಳವನ್ನು ಹೊರಗೆ ಒಣಹಾಕಿದರೆ ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಂಡೇ ಮಾತಾಡಬೇಕು. ಮೈಸೂರಿನ ನೆಂಟರು ಕರ್ಚೀಫು ಕಟ್ಟಿಕೊಂಡು ಕುಳಿತರೆ ನಾನು, "ನಮಗೆ ಅಭ್ಯಾಸ ಆಗೋಗಿದೆ, ಗೊತ್ತೇ ಆಗಲ್ಲ," ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಗೊತ್ತಾಗದೆ ಇದ್ದದ್ದು ನಿಜ. ಅಭ್ಯಾಸದಿಂದ ಅನ್ನುವುದು ಮಾತ್ರ ಸುಳ್ಳು.

ಅಷ್ಟರಲ್ಲಿ ಊರು ತನ್ನ ತೀರ್ಪು ಕೊಟ್ಟಾಗಿತ್ತು. ಫೋಟೋಗ್ರಾಫರು, ಸದಾ ಮದುವೆ ಮನೆ, ಮೇಲೆ ಕೈ ಬೇರೆ ನಡುಗುತ್ತಿದೆ ಅಂದ ಮೇಲೆ ಇನ್ನೇನು ಪುರಾವೆ ಬೇಕು? ಬೀದಿಯ ಹೆಂಗಸರು ನನ್ನ ಹೆಂಡತಿ ಸುಮಿತ್ರಳ ಹತ್ತಿರ ರವಿಕೆ ಹೊಲಿಸಲು ಬಂದು, ಅಳತೆಗಿಂತ ಹೆಚ್ಚು ಹೊತ್ತು ಕುಳಿತು, "ಏನ್ ಮಾಡಕಾಯ್ತದೆ ಕಣಕ್ಕ, ನಿನ್ ಹಣೇಬರ," ಎಂದು ಅವಳ ಕೈ ಹಿಸುಕಿ ಹೋಗುತ್ತಿದ್ದರು. ನಾನು ಜನ್ಮದಲ್ಲಿ ಒಂದು ಗುಟುಕು ಕುಡಿದವನಲ್ಲ ಎಂದು ಅವಳಿಗೆ ಗೊತ್ತು. ಆದರೂ ನಾನು ಮಲಗಿದ ಮೇಲೆ ಬಂದು ಬಾಯಿ ಮೂಸಿ ನೋಡುತ್ತಿದ್ದಳಂತೆ. ಟೂತ್‌ಪೇಸ್ಟಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ ಅಂತ ಆಮೇಲೆ ಅವಳೇ ಒಪ್ಪಿಕೊಂಡಳು.

ಅವಳ ತಮ್ಮ ಸಿದ್ದರಾಜು ಅಷ್ಟಕ್ಕೇ ಬಿಡುವವನಲ್ಲ. ಕೂಟಗಲ್ಲಿನಲ್ಲಿ ಹೊಲ ಮಾಡಿಕೊಂಡಿರುವ ಒಳ್ಳೆಯ ಮನುಷ್ಯ, ಅವನ ಒಳ್ಳೆಯತನವೇ ಅಪಾಯಕಾರಿ. ಒಂದು ಭಾನುವಾರ ಊಟಕ್ಕೆ ಕರೆದ. ಬಸ್ಸಾರು, ಮುದ್ದೆ. ಮಾರನೆಯ ದಿನವೆಲ್ಲ ನಾನು ಬಚ್ಚಲ ಪಕ್ಕದಿಂದ ಕದಲಲಿಲ್ಲ. ಮುಂದಿನ ಭಾನುವಾರ ಮತ್ತೆ ಕರೆದ, ಮತ್ತೆ ಅದೇ ಕತೆ. ಅದಾದ ಮೇಲೂ ಕರೆದಾಗ ಬಾಮೈದನ ಪ್ರೀತಿಗೆ ಇಲ್ಲವೆನ್ನಲಾರದೆ ಹೋದೆ. ಊಟ ಮುಗಿದ ಮೇಲೆ ಅವನು ಪಕ್ಕ ಕುಳಿತು ಮೆಲ್ಲಗೆ ಕೇಳಿದ.

"ಭಾವ, ಈಗ ವಾಸ್ನೆ ಕಂಡ್ರೆ ವಾಕರ್ಕೆ ಬತ್ತಾ ಐತಾ?"

"ಯಾವ್ದರ ವಾಸ್ನೆ?"

"ಅದೇ... ಬ್ರಾಂದೀದು."

ಕುಡಿತ ಬಿಡಿಸುವ ಪುಡಿಯನ್ನು ಯಾರೋ ಕೊಟ್ಟಿದ್ದರಂತೆ. ಕುಡಿಯುವವನಿಗೆ ತಿಳಿಯದ ಹಾಗೆ ಸಾರಿನಲ್ಲಿ ಕಲಸಿ ಕೊಡಬೇಕು. ಸುಮಿತ್ರಳಿಗೂ ಗೊತ್ತಿತ್ತು. "ಒಳ್ಳೇದಾದ್ರೆ ಆಗ್ಲಿ ಅಂತ ಸುಮ್ಕಿದ್ದೆ," ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿನ್ ಪುಡಿಗೆ ಬೆಂಕಿ ಹಾಕ. ಬ್ರಾಂದಿ ಇರ್ಲಿ, ನಂಗೆ ಯಾವ ವಾಸ್ನೇನೂ ಗೊತ್ತಾಗಕಿಲ್ಲ ಕಣ್ಲಾ!"

ಸುಮಿತ್ರ ಎಲೆ ತೆಗೆಯುತ್ತಿದ್ದವಳು ಹಾಗೇ ನಿಂತಳು. "ಯಾವ್ದೂ ಅಂದ್ರೆ?" ಒಳಗೆ ಹೋಗಿ ಇಂಗಿನ ಡಬ್ಬಿ ತಂದು, ನನ್ನ ಕಣ್ಣು ಮುಚ್ಚಿಸಿ, ಮೂಗಿನ ಕೆಳಗೆ ಹಿಡಿದಳು. ಆಮೇಲೆ ಕರ್ಪೂರ. ಆಮೇಲೆ ಸಿದ್ದರಾಜುವಿನ ಎಮ್ಮೆ ಕೊಟ್ಟಿಗೆಯ ಬಾಗಿಲಿಗೇ ನಿಲ್ಲಿಸಿದಳು. "ಇದೇನೇಳಿ?" ಅಂದಳು. "ಕರ್ಪೂರ," ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಅದೇ ವಾರ, ಊರಿನ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು, ನನ್ನನ್ನು ರೈಲು ಹತ್ತಿಸಿ ಬೆಂಗಳೂರಿನ ನರರೋಗದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಹೀಗೆ ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಒಂದು ಡಬ್ಬಿ ಇಂಗು.

ಆಸ್ಪತ್ರೆಯ ಬೆಂಚುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕುಳಿತವರಲ್ಲಿ ಒಬ್ಬರ ಕೈಯ ಪೇಪರೂ ಸುಮ್ಮನಿರಲಿಲ್ಲ, ಪರಪರ ಅನ್ನುತ್ತಿತ್ತು. ಒಬ್ಬರ ತಲೆ ಎಲ್ಲದಕ್ಕೂ ಹೌದು ಹೌದು ಅನ್ನುತ್ತಿದ್ದರೆ ಪಕ್ಕದವರ ತಲೆ ಇಲ್ಲ ಇಲ್ಲ ಅನ್ನುತ್ತಿತ್ತು. ಬಹಳ ದಿನಗಳ ಮೇಲೆ ನಾನು ಜೇಬಿನಿಂದ ಕೈ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಯಾರೂ ತಿರುಗಿ ನೋಡಲಿಲ್ಲ. ಆ ನೆಮ್ಮದಿಯನ್ನು ನಾನು ಮರೆತಿಲ್ಲ.

ಪಕ್ಕದಲ್ಲಿದ್ದ ಬಿಳಿ ಗಡ್ಡದವರು ನನ್ನನ್ನೇ ನೋಡಿ, "ನೀವು ಸ್ಟುಡಿಯೋದವ್ರಲ್ವಾ?" ಅಂದರು. ನೋಡಿದರೆ ನಮ್ಮ ಹಿಂದಿನ ಬೀದಿಯಲ್ಲೇ ರೇಷ್ಮೆ ನೂಲಿನ ಘಟಕ ನಡೆಸುವ ಅಕ್ಬರ್ ಸಾಬರು. ಅಷ್ಟು ವರ್ಷ ಅಕ್ಕಪಕ್ಕ ಇದ್ದು ಮಾತಾಡದವರು ಬೆಂಗಳೂರಿನ ಬೆಂಚಿನ ಮೇಲೆ ನೆಂಟರಾದೆವು.

"ನಿಮ್ದು ಕೈಯಾ? ನಮ್ದು ಕಾಲು ಭಾಯ್. ಎಲ್ಲಾ ಕಡೆ ನಡೀತೈತೆ, ಬಾಗ್ಲು ಬಂದ್ರೆ ಅಂಟ್ಕಂಡ್ಬುಡ್ತೈತೆ. ಮಸೀದಿ ಬಾಗ್ಲಲ್ಲಿ ನಾನ್ ನಿಂತ್ರೆ ಹಿಂದೆ ಇಡೀ ಜಮಾತು ನಿಲ್ತೈತೆ. ಚಲೋ ಚಾಚಾ, ಚಲೋ ಅಂತಾರೆ. ಅರೆ, ನಾನ್ ರೆಡಿ ಇದ್ದೀನಿ, ಕಾಲು ರೆಡಿ ಇಲ್ವಲ್ಲ!"

ವಾಸನೆಯ ವಿಷಯ ಹೇಳಿದೆ. ಅವರು ಗಡ್ಡ ಹಿಡಿದುಕೊಂಡು ನಕ್ಕರು. "ನಮ್ ಯೂನಿಟ್ಟಲ್ಲಿ ಹುಳದ್ ವಾಸ್ನೆ ನಿಂತೋಯ್ತು ಅಂತ ನಾನು ಖುದಾನಿಗೆ ಶುಕ್ರಿಯಾ ಹೇಳಿದ್ದೆ ಭಾಯ್."

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳಿಗೆ ಬೆರಳು ತಟ್ಟಿಸಿದರು, ನಡೆಸಿದರು, ಒಂದು ವಾಕ್ಯ ಬರೆಸಿ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಇದು ಪಾರ್ಕಿನ್ಸನ್ಸ್," ಅಂದರು. "ವಾಸನೆ ಹೋದದ್ದು, ಅಕ್ಷರ ಚಿಕ್ಕದಾದದ್ದು ಎಲ್ಲ ಇದರಿಂದಲೇ. ಪೂರ್ತಿ ಹೋಗುವುದಿಲ್ಲ. ಆದರೆ ಜೊತೆಯಲ್ಲಿಟ್ಟುಕೊಂಡು ಚೆನ್ನಾಗಿಯೇ ಬದುಕಬಹುದು." ಬೀಗರ ಹಾಗೆ, ಅಂದುಕೊಂಡೆ. ಆಮೇಲೆ ಅವರು ಸುಮಿತ್ರಳ ಕಡೆ ತಿರುಗಿ, "ಇವರ ಮುಖದಲ್ಲಿ ಭಾವನೆ ಕಡಿಮೆ ಕಾಣುತ್ತೆ. ಅದೂ ಈ ಕಾಯಿಲೆಯಿಂದಲೇ. ಮನೆಯಲ್ಲಿ ಗಮನಿಸಿದ್ದೀರಾ?" ಎಂದು ಕೇಳಿದರು.

ಸುಮಿತ್ರ ತಿರುಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಅಂದ್ರೆ... ಇವ್ರಿಗೆ ನನ್ ಮ್ಯಾಲೆ ಕ್ವಾಪ ಇರ್ನಿಲ್ವಾ?" ಅಂದಳು.

ಒಂದೆರಡು ವರ್ಷದಿಂದ ನಾನು ಅವಳ ಮೇಲೆ ಮೋರೆ ಗಂಟಿಕ್ಕಿಕೊಂಡಿದ್ದೇನೆ ಅಂತ ಅವಳು ತಿಳಿದಿದ್ದಳು. ತವರಿನಲ್ಲಿ ಹೇಳಿಕೊಂಡು ಅತ್ತೂ ಬಂದಿದ್ದಳು. ಊರಿನವರಿಗೆಲ್ಲ "ಒಸಿ ನಗಿ, ಒಸಿ ನಗಿ" ಎಂದು ಹೇಳುತ್ತಿದ್ದ ನಾನು ಮನೆಯಲ್ಲಿ ನಗುವುದನ್ನು ಬಿಟ್ಟದ್ದು ನನಗೇ ಗೊತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ನಾನು ನಗುತ್ತಲೇ ಇದ್ದೆ. ನಗು ಮುಖದವರೆಗೆ ಬರುತ್ತಿರಲಿಲ್ಲ ಅಷ್ಟೆ. ಅವಳು ಡಾಕ್ಟರ ಮುಂದೆಯೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಇಷ್ಟು ಸಂತೋಷದಿಂದ ಈ ಕಾಯಿಲೆಯ ಹೆಸರು ಕೇಳಿಸಿಕೊಂಡವರು ಅವರಿಗೆ ಇನ್ನೊಬ್ಬರು ಸಿಕ್ಕಿರಲಿಕ್ಕಿಲ್ಲ.

ನನಗೆ ಮಾತ್ರ ರೈಲಿನಲ್ಲಿ ವಾಪಸು ಬರುವಾಗ ಭಯ ಹಿಡಿಯಿತು. ಬಿಡದಿ ಸ್ಟೇಷನ್ನಿನಲ್ಲಿ ನಮ್ಮ ಮಗಳು ಚೈತ್ರ ಹತ್ತಿಕೊಂಡಳು. ಅವಳು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಹೊಸ ಕಾರಿನ ಬಾಗಿಲ ಮೇಲೆ ಕೂದಲಷ್ಟು ಗೀರು ಇದ್ದರೂ ಹುಡುಕುವುದು ಅವಳ ಕೆಲಸ. ಜೊತೆಗೆ ಕೆಲಸ ಮಾಡುವ ಹುಡುಗನೊಂದಿಗೆ ಅವಳ ಮದುವೆ ಆಗಲೇ ಗೊತ್ತಾಗಿತ್ತು. ಅವಳನ್ನು ನೋಡಿದ ಕೂಡಲೇ ನನಗೆ ಹೊಳೆಯಿತು, ಧಾರೆ ಎರೆಯಬೇಕಾದವನು ನಾನು. ಇಡೀ ಊರಿನ ಮುಂದೆ, ಗಿಂಡಿ ಹಿಡಿದು, ಈ ಕೈಯಲ್ಲಿ. ಎಷ್ಟು ಅಪ್ಪಂದಿರ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಗಳಿಗೆಯಲ್ಲಿ ಎಲ್ಲರ ಕಣ್ಣೂ ಎಲ್ಲಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಲು ಮಗಳ ಕೈ ಬಿಟ್ಟು ಸೀರೆಗೆಲ್ಲ ಚೆಲ್ಲುವುದು, ಹಿಂದಿನ ಸಾಲಿನವರು "ಇವತ್ತೂ ಹಾಕ್ಕಂಡ್ ಬಂದವ್ನೆ" ಅನ್ನುವುದು, ಎರಡೂ ನನಗೆ ಆಗಲೇ ಕಾಣಿಸಿತು, ಕೇಳಿಸಿತು.

ಮಾತ್ರೆ ಶುರುವಾಯಿತು. ಗುಣ ಕಂಡಿತು, ಆದರೆ ಮಾತ್ರೆಯ ಶಕ್ತಿ ಇಳಿಯುತ್ತಿದ್ದಂತೆ ಕೈ ಮತ್ತೆ ತನ್ನ ಕೆಲಸಕ್ಕೆ ಹತ್ತುತ್ತಿತ್ತು. ಸಿದ್ದರಾಜು, "ಭಾವ, ಸೋದರಮಾವ ನಾನಿದ್ದೀನಿ, ನಾನೇ ಎರೀತೀನಿ ಬುಡಿ," ಅಂದ. ಪುಡಿಯ ಪಾಪಕ್ಕೆ ಪರಿಹಾರ ಅಂತ ಹೇಳಿರಬೇಕು. ಚೈತ್ರ ಕೇಳಿಸಿಕೊಂಡಳು. "ಅಪ್ಪ ಎರೀದಿದ್ರೆ ನಾನು ಮಂಟಪಕ್ಕೇ ಬರಲ್ಲ," ಎಂದು ಹೇಳಿ ಡ್ಯೂಟಿಗೆ ಹೋದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು, ನನ್ನ ನಿದ್ದೆಯೂ ಮುಗಿಯಿತು.

ಹೇಗಾದರೂ ಮಾಡಿ ಕೈಯನ್ನು ಪಳಗಿಸಬೇಕು ಎಂದು ಕ್ಯಾಮೆರಾ ತೆಗೆದುಕೊಂಡು ಸಿದ್ದರಾಜುವಿನ ನೀಲಗಿರಿ ತೋಪಿಗೆ ಹೋದೆ. ಮರಗಳು ಬೀಗರಲ್ಲ, ದೂರು ಹೇಳುವುದಿಲ್ಲ. ಅಲ್ಲಾಡದೆ ನಿಂತಿರುತ್ತವೆ ಬೇರೆ. ಧಾರೆಯ ಫೋಟೋಗೆ ಇಡುತ್ತಿದ್ದಷ್ಟೇ ನಿಧಾನಕ್ಕೆ ಶಟರ್ ಇಟ್ಟು, ಉಸಿರು ಕಟ್ಟಿ, ಮೊಣಕೈ ಎದೆಗೊತ್ತಿ ತೆಗೆದೆ. ಪ್ರತಿ ಕಾಂಡವೂ ಎರಡಾಗಿ ಮೂರಾಗಿ ಕಾಣುತ್ತಿತ್ತು. ಕೈಯನ್ನು ಬಿಗಿ ಹಿಡಿದಷ್ಟೂ ಅದು ಜಾಸ್ತಿ ಕುಣಿಯಿತು. ಕೊನೆಗೆ ರೇಗಿ, "ಹಾಳಾಗೋಗು!" ಅಂತ ಕ್ಯಾಮೆರಾ ಹಿಡಿದ ಕೈಯನ್ನೇ ಮೇಲಿನಿಂದ ಕೆಳಕ್ಕೆ ಬೀಸಿದೆ. ಪುಣ್ಯಕ್ಕೆ ಪಟ್ಟಿ ಕೊರಳಲ್ಲಿತ್ತು. ಬೆರಳು ಮಾತ್ರ ಬಟನ್ನಿನ ಮೇಲಿತ್ತು.

ಆ ಫೋಟೋ ಅಳಿಸಲೆಂದು ನೋಡಿದರೆ, ಅದರಲ್ಲಿ ನಡುಕವೇ ಇಲ್ಲ! ಕಾಂಡಗಳೆಲ್ಲ ಕೆನೆಬಣ್ಣದ ಉದ್ದನೆ ಗೀಟುಗಳಾಗಿದ್ದವು, ಅವುಗಳ ನಡುವೆ ಎಲೆಗಳ ಹಸಿರು ಹರಿದಿತ್ತು, ತಳದಲ್ಲಿ ಕೆಮ್ಮಣ್ಣು ನಿಂತಿತ್ತು. ಮರ ಯಾವುದು ಅಂತ ಹೇಳಲಾಗುತ್ತಿರಲಿಲ್ಲ, ಆದರೆ ತೋಪು ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಕಾರಿನ ಬಾಗಿಲನ್ನು ನೋಡುವ ಹಾಗೆ ಚೈತ್ರ ಅದನ್ನು ಓರೆ ಮಾಡಿ ನೋಡಿದಳು.

"ಅಪ್ಪ, ಹಿಂಗೆ ತೆಗೆಯೋರು ಅವ್ರೆ. ಕಾಡಿಗೆ ಹೋಗಿ ಬೇಕಂತ್ಲೇ ಕ್ಯಾಮೆರಾ ಅಲ್ಲಾಡ್ಸಿ ತೆಗೀತಾರೆ. ವಿಡಿಯೋ ನೋಡಿದ್ದೀನಿ."

"ಬೇಕಂತ್ಲೇನಾ? ಕೈ ನೆಟ್ಟಗಿರೋರಾ?"

"ಹ್ಞೂಂ."

"ಅವ್ರಿಗೇನ್ ಬಂದೈತೆ ರೋಗ?" ಅಂದೆ. ಆದರೆ ಮಾರನೆಯ ಬೆಳಗ್ಗೆಯೇ ಮತ್ತೆ ತೋಪಿಗೆ ಹೋದೆ.

ಈ ಕೆಲಸದಲ್ಲಿ ತಪ್ಪಲು ನೂರು ದಾರಿಗಳಿವೆ, ಎಲ್ಲದರಲ್ಲೂ ನಾನು ನಡೆದಿದ್ದೇನೆ. ಅಡ್ಡಡ್ಡ ಬೀಸಿದರೆ ತೋಪು ಕೆದಕಿದ ಉಪ್ಪಿಟ್ಟಾಗುತ್ತದೆ. ಗುಂಡಗೆ ತಿರುಗಿಸಿದರೆ ನೋಡುವವರಿಗೆ ತಲೆಸುತ್ತು ಬರುತ್ತದೆ. ಒಮ್ಮೆ ನಡುವೆ ಎಮ್ಮೆ ನುಗ್ಗಿ ಒಳ್ಳೆಯ ಫೋಟೋಗೆ ಟಾರು ಬಳಿಯಿತು. ಉಯ್ಯಂಬಳ್ಳಿ ಕಡೆಯ ಕಾಡಂಚಿಗೂ ಹೋಗಿದ್ದೆ. ಅಲ್ಲಿಯ ಮರಗಳು ಸೊಟ್ಟಪಟ್ಟ, ನೀಲಗಿರಿಯ ಶಿಸ್ತು ಅವಕ್ಕಿಲ್ಲ. ಕಾಂಡ ಬಾಗಿದ ಕಡೆಗೆ ಕೈಯನ್ನೂ ಬಾಗಿಸಿ ಎಳೆಯಬೇಕು. ನಾನು ಹಾಗೆ ಎಳೆಯುವುದನ್ನು ನೋಡಿ ದನ ಕಾಯುತ್ತಿದ್ದ ಅಜ್ಜನೊಬ್ಬ ಓಡಿ ಬಂದು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಒಸಿ ಬಿಗಿಯಾಗ್ ಹಿಡ್ಕೊ ಸಾಮಿ, ಅಲ್ಲಾಡ್ತಾ ಐತೆ," ಅಂದ. ಅಷ್ಟು ಪ್ರೀತಿಯಿಂದ ಹಿಡಿದಿದ್ದ, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಅವನು ಹಿಡಿದಾಗ ತೆಗೆದ ಫೋಟೋದಲ್ಲಿ ನಡುಕವೋ ನಡುಕ.

ಆ ಅಜ್ಜನ ಕೈಯಿಂದಲೇ ನನಗೆ ವಿಷಯ ಪೂರ್ತಿ ತಿಳಿದದ್ದು. ಕೈಯನ್ನು ನಿಲ್ಲಿಸಲು ಹೋದಾಗ ಅದು ನಡುಗುತ್ತದೆ. ನಾನಾಗಿಯೇ ಎಲ್ಲಿಗಾದರೂ ಕಳಿಸಿದರೆ, ಹೋಗುವಷ್ಟು ಹೊತ್ತು ಸುಮ್ಮನಿರುತ್ತದೆ. ಬಟನ್ ಒತ್ತುವ ಮೊದಲೇ ಕೈ ಹೊರಟಿರಬೇಕು, ಒತ್ತಿದ ಮೇಲೂ ಹೋಗುತ್ತಲೇ ಇರಬೇಕು. ಮುಂದಿನ ಸಲ ಡಾಕ್ಟರನ್ನು ಕೇಳಿದೆ. "ಹೌದು, ತುಂಬಾ ಜನರಿಗೆ ಹಾಗೇ ಆಗುತ್ತೆ," ಎಂದು ಹೇಳಿ ಫೋಟೋಗಳನ್ನು ಬಹಳ ಹೊತ್ತು ನೋಡಿದರು. ಹೊರಗೆ ಟೋಕನ್ ಕೂಗುವವರು ಬಾಗಿಲು ತಟ್ಟಬೇಕಾಯಿತು.

ಅಕ್ಬರ್ ಸಾಬರೂ ಒಂದು ದಿನ ನನ್ನ ಜೊತೆ ತೋಪಿಗೆ ಬಂದರು. ಬೆಳಗಿನ ಬಿಸಿಲಿಗೆ ಸಾಲುಮರಗಳ ನೆರಳು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಅವರು ಒಂದು ನೆರಳನ್ನು ದಾಟಿದರು, ಇನ್ನೊಂದನ್ನು ದಾಟಿದರು, ನಿಲ್ಲದೆ ತೋಪಿನ ಆ ತುದಿಯವರೆಗೆ ನಡೆದುಹೋಗಿ ಅಲ್ಲಿಂದ ಕೂಗಿದರು: "ಭಾಯ್, ಇಲ್ಲಿ ಬಾಗ್ಲೇ ಇಲ್ಲ!" ನೆಲದ ಮೇಲೆ ದಾಟಲು ಒಂದು ಗೀಟು ಸಿಕ್ಕಿದರೆ ಅವರ ಕಾಲಿಗೆ ಧೈರ್ಯ ಬರುತ್ತಿತ್ತು. ವಾಪಸು ಬಂದು ಮನೆಯ ಹೊಸಿಲ ಮುಂದೆ ಬಣ್ಣದ ಪಟ್ಟೆ ಎಳೆಸಿಕೊಂಡರು. ಮಸೀದಿಯ ಬಾಗಿಲಲ್ಲಿ ಅವರು ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ಅದನ್ನು ದಾಟುತ್ತಾರೆಂದು ಕೇಳಿದೆ. ಜಮಾತು ಈಗ ನಿಲ್ಲುವುದಿಲ್ಲವಂತೆ.

ಸಿದ್ದರಾಜುವಿಗೆ ಮಾತ್ರ ಫೋಟೋಗಳು ಹಿಡಿಸಲಿಲ್ಲ. "ನೆಟ್ಟಗಿರೋ ತೋಪ್ನ ಹಿಂಗ್ ಮಾಡ್ಬುಟ್ರಲ್ಲ ಭಾವ," ಎಂದು ಮುಖ ಹುಳ್ಳಗೆ ಮಾಡಿದ.

ಮದುವೆ ಕನಕಪುರದ ಛತ್ರದಲ್ಲಿ. ಫೋಟೋ ಕೆಲಸಕ್ಕೆ ನಾನೇ ಮಾಗಡಿಯ ಮಂಜುನಾಥನಿಗೆ ಹೇಳಿದೆ. ನನ್ನ ಧಾರೆಯ ಗುಟ್ಟು ಕದ್ದವನು ಅವನೊಬ್ಬನೇ, ಕದ್ದ ಮಾಲನ್ನು ನನ್ನ ಮಗಳ ಮದುವೆಗೇ ಬಳಸಲಿ ಅಂದುಕೊಂಡೆ. ಮಾತ್ರೆಯನ್ನು ಮುಹೂರ್ತಕ್ಕೆ ಸರಿಯಾಗಿ ಹೊಂದಿಸಿ ನುಂಗಿದ್ದೆ. ಮುಹೂರ್ತವೂ ಮಾತ್ರೆಯೂ ಕೂಡಿಬಂದಿದ್ದರೆ ನಾನು ಈ ಲೇಖನವನ್ನು ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ಗಂಡಿನ ದೊಡ್ಡಪ್ಪ ದಾರಿಯಲ್ಲಿ ಎಲ್ಲೋ ತಟ್ಟೆ ಇಡ್ಲಿ ತಿನ್ನಲು ಇಳಿದಿದ್ದರು. ಅವರಿಲ್ಲದೆ ಆಗುವುದಿಲ್ಲವೆಂದು ಅವರ ಕಡೆಯವರು ಕುಳಿತರು. ಪುರೋಹಿತರು ಇನ್ನೂ ಸಮಯವಿದೆ ಅಂದರು, ಗಡಿಯಾರ ಅವರ ಕಡೆಗಿತ್ತು. ಮಾತ್ರೆ ಯಾರ ಕಡೆಗೂ ಇರಲಿಲ್ಲ. ದೊಡ್ಡಪ್ಪನವರು ಮೀಸೆ ಒರೆಸಿಕೊಳ್ಳುತ್ತಾ ಬಂದಾಗ ನನ್ನ ಹೆಬ್ಬೆರಳು ಆಗಲೇ ಶುರುಮಾಡಿಕೊಂಡಿತ್ತು.

ಗಿಂಡಿ ಕೈಗೆ ಬಂತು. ಓಲಗ ಏರಿತು. ನನಗೆ ಹೇಳದೆಯೇ ಸುಮಿತ್ರ ಒಂದು ಉಪಾಯ ಮಾಡಿಕೊಂಡಿದ್ದಳು, ಕೈ ಸೇರಿಸುವ ನೆಪದಲ್ಲಿ ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ರವಿಕೆಯ ಬಟ್ಟೆಯನ್ನು ಮಿಷಿನ್ನಿನ ಕೆಳಗೆ ಹಿಡಿದು ಹಿಡಿದು ಗಟ್ಟಿಯಾದ ಕೈ. ಅವಳು ಬಿಗಿ ಹಿಡಿದಷ್ಟೂ ಗಿಂಡಿ ತೆಂಗಿನಕಾಯಿಗೆ ಟಕಟಕ ಬಡಿಯಿತು. ಮೊದಲ ಹನಿಗಳು ಹುಡುಗನ ಪೇಟಕ್ಕೆ ಹಾರಿದವು. ಹಿಂದೆ ಯಾರೋ ಕಿಸಕ್ಕೆಂದರು. ಚೈತ್ರ ತಲೆಯೆತ್ತಿ ನೋಡಿದಳು. ನನ್ನ ಕೈಯನ್ನಲ್ಲ, ಮುಖವನ್ನು.

"ಬುಡು," ಅಂದೆ ಸುಮಿತ್ರಳಿಗೆ, ಮೆಲ್ಲಗೆ.

"ಚೆಲ್ತದೆ ಕಣ್ರಿ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಕೈ ಬುಡೇ. ತೋಪಲ್ ಇದ್ದೀನಿ ಅನ್ಕೋ."

ಅವಳು ನನ್ನನ್ನು ನೋಡಿದಳು. ಆಮೇಲೆ ಒಂದೊಂದೇ ಬೆರಳು ಸಡಿಲಿಸಿ ಬಿಟ್ಟುಬಿಟ್ಟಳು, ಗಿಂಡಿಯ ಅಂಚಿಗೆ ಬರೀ ಬೆರಳ ತುದಿ ತಾಗಿಸಿಕೊಂಡು ನಿಂತಳು. ಆ ಬಿಟ್ಟದ್ದಕ್ಕಿಂತ ದೊಡ್ಡ ಉಪಕಾರವನ್ನು ಅವಳು ನನಗೆ ಮಾಡಿಲ್ಲ. ಕೈಯನ್ನು ನಿಲ್ಲಿಸುವ ಯೋಚನೆಯನ್ನೇ ನಾನು ಬಿಟ್ಟೆ. ತೆಂಗಿನಕಾಯಿಯ ಹತ್ತಿರದಿಂದ ಗಿಂಡಿಯನ್ನು ನಿಧಾನಕ್ಕೆ ಮೇಲಕ್ಕೆ ಎಳೆಯುತ್ತಾ ಹೋದೆ, ನೀಲಗಿರಿ ಕಾಂಡದ ಬುಡದಿಂದ ತುದಿಗೆ ಎಳೆಯುವ ಹಾಗೆ. ಹೊರಟ ಕೈ ಸುಮ್ಮನಾಯಿತು. ಹಾಲು ಇಳಿಯಿತು. ಎಳೆ ಉದ್ದವಾಯಿತು, ಇನ್ನೂ ಉದ್ದವಾಯಿತು, ಗಿಂಡಿ ನನ್ನ ತಲೆಗಿಂತ ಮೇಲೆ ಹೋಯಿತು. ಪುರೋಹಿತರು ಮಂತ್ರ ಬಿಟ್ಟು ಬಾಯಿ ತೆರೆದು ನೋಡಿದರು. ಹನಿಯೂ ಆಚೆ ಬೀಳಲಿಲ್ಲ. "ನೋಡ್ಲಾ, ಎಂಗ್ ಎರೀತಾವ್ನೆ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಅಕ್ಬರ್ ಸಾಬರು ಛತ್ರದ ಬಾಗಿಲಲ್ಲಿ ಅಂಟಿಕೊಂಡು ನಿಂತಿದ್ದವರು ಅಲ್ಲಿಂದಲೇ ಚಪ್ಪಾಳೆ ತಟ್ಟಿದರು.

ಒಂದು ವಾರದ ಮೇಲೆ ಮಂಜುನಾಥ ಸ್ಟುಡಿಯೋಗೆ ಬಂದು ಕತ್ತು ಬಗ್ಗಿಸಿ ನಿಂತ. "ಅಣ್ಣ, ಕ್ಷಮ್ಸಿ. ಎಲ್ಲಾ ಚೆಂದಾಗ್ ಬಂದವೆ. ಧಾರೇದೊಂದು ಕೆಟ್ಟೋಯ್ತು. ನಿಮ್ ಥರಾನೇ ಫ್ಲ್ಯಾಶ್ ಆರ್ಸಿ ತೆಗೆದೆ, ಅಕ್ಷತೆ ಹಾಕಕ್ಕೆ ನುಗ್ಗೋರು ಮೊಣಕೈಗೆ ಗುದ್ದುಬುಟ್ರು."

ನೋಡಿದೆ. ಗುದ್ದಿದವರು ಕೆಳಗಿನಿಂದ ಮೇಲಕ್ಕೆ ಸರಿಯಾಗಿ ಗುದ್ದಿದ್ದರು. ನೆಂಟರೆಲ್ಲ ಉದ್ದುದ್ದ ಗೀಟುಗಳಾಗಿ ನಿಂತಿದ್ದರು, ರೇಷ್ಮೆ ಸೀರೆಗಳ ಕೆಂಪು, ಹಸಿರು, ಅರಿಶಿನ. ನಡುವೆ ಹಾಲಿನದೊಂದು ಬಿಳಿ ಗೀಟು. ನಾನು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮು ಕಟ್ಟಿಸಿ, ನಡುಮನೆಯಲ್ಲಿ ತೂಗುಹಾಕಿದೆ. ಮಂಜುನಾಥ ನಾನು ತಮಾಷೆ ಮಾಡುತ್ತಿದ್ದೇನೆ ಅಂತಲೇ ಈಗಲೂ ತಿಳಿದಿದ್ದಾನೆ.

ಆ ದಿನ ಧಾರೆ ಎರೆಯುವಾಗ ನಾನು ನಕ್ಕೆ ಅಂತ ಚೈತ್ರ ಹೇಳುತ್ತಾಳೆ. ಅವಳು ಕೂದಲಷ್ಟು ಗೀರನ್ನೂ ಹುಡುಕುವವಳು, ನಂಬಬೇಕು. ಆದರೆ ಮಿಕ್ಕ ಫೋಟೋಗಳಲ್ಲೆಲ್ಲ ನನ್ನ ಮುಖ ಎಂದಿನಂತೆ ಗಂಟಿಕ್ಕಿಕೊಂಡೇ ಇದೆ. ಇರುವುದು ಆ ಒಂದು ಫೋಟೋ, ಅದರಲ್ಲಿ ಯಾರಿಗೂ ಮುಖವಿಲ್ಲ.

ಮೊನ್ನೆ ಸಿದ್ದರಾಜು ಬಂದಿದ್ದವನು ಆ ಫೋಟೋ ಮುಂದೆ ಸೊಂಟಕ್ಕೆ ಕೈಕೊಟ್ಟು ಬಹಳ ಹೊತ್ತು ನಿಂತ. ತನ್ನನ್ನು ಹುಡುಕಿದ, ಸಿಗಲಿಲ್ಲ. ಕೊನೆಗೆ ತಲೆ ಕೆರೆದುಕೊಂಡು, "ಅಕ್ಕ, ಇದ್ರೊಳ್ಗೆ ಭಾವ ಯಾವ್ದು?" ಎಂದು ಕೇಳಿದ.

ಸುಮಿತ್ರ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಹಾಲಿನ ಗೀಟಿನ ಪಕ್ಕದ ಒಂದು ಮಸುಕು ಗೀಟಿನ ಮೇಲೆ ಬೆರಳಿಟ್ಟಳು.

"ಇದು ಕಣ್ಲಾ," ಅಂದಳು. "ನಗ್ತಾವ್ರೆ ನೋಡು."